ಐದನೇ ಪಕ್ಕೆಸಂದು

ಎಂಬಿಬಿಎಸ್ ಐದೂವರೆ ವರ್ಷ, ಸರ್ಜರಿಯಲ್ಲಿ ಎಂಎಸ್ ಮೂರು ವರ್ಷ. ಇಷ್ಟೆಲ್ಲ ಕಲಿತ ಮೇಲೂ, ಚಿತ್ರದುರ್ಗ–ದಾವಣಗೆರೆ ನಡುವಿನ ಹೆದ್ದಾರಿ 48ರಿಂದ ಬರೋ ಗಾಯಾಳುವಿನ ಜೀವ ಎಷ್ಟೋ ಸಲ ಉಳಿಯೋದು ಎದೆಯೊಳಗೆ ತುಂಬಿದ ರಕ್ತ, ಗಾಳಿ ಹೊರತೆಗೆಯೋಕೆ ಹಾಕೋ ಒಂದು ಟ್ಯೂಬಿನಿಂದ.

ಟ್ಯೂಬ್ ಹಾಕೋ ಜಾಗ ಐದನೇ ಪಕ್ಕೆಸಂದು, ಅಂದ್ರೆ ಐದು ಮತ್ತು ಆರನೇ ಪಕ್ಕೆಲುಬುಗಳ ನಡುವಿನ ಸಂದು, ಕಂಕುಳ ಮಧ್ಯರೇಖೆಗಿಂತ ತುಸು ಮುಂದೆ. ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಕೊಂಡೇ ಒಳಹೋಗಬೇಕು, ಯಾಕಂದ್ರೆ ಮೇಲಿನ ಎಲುಬಿನ ಕೆಳಂಚಲ್ಲಿ ರಕ್ತನಾಳ, ನರ ಇರ್ತವೆ. ಮೊದಲು ಬೆರಳು ಹಾಕಿ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದೆಯಾ ನೋಡಿ, ಆಮೇಲೇ ಟ್ಯೂಬ್. ಜಾಗ ಕೆಳಗೆ ಜಾರಿದರೆ ಲಿವರ್ರೋ ಸ್ಪ್ಲೀನೋ (ಗುಲ್ಮ) ಹರಿದೀತು. ಹಾಕಿದ ಕೂಡಲೇ 1500 ಮಿ.ಲೀ. ರಕ್ತ ಬಂತಾ? ಆಪರೇಷನ್ ಥಿಯೇಟರಿಗೆ ಹೇಳಿಬಿಡಿ.

ಪುಸ್ತಕದಿಂದ ಇದು ಬರಲ್ಲ. ಹೊಸ ಪಿಜಿಗಳ (ಎಂಎಸ್ ಓದ್ತಿರೋ ವೈದ್ಯರ) ಪಕ್ಕದಲ್ಲಿ ರಾತ್ರಿ ಡ್ಯೂಟಿಯಲ್ಲೂ ಸೀನಿಯರ್ ಒಬ್ಬರು ನಿಂತಿರಲೇಬೇಕು. ಮತ್ತೆ, ಸ್ಟ್ರೆಚರ್ ತಳ್ಳುವಾಗ ಟ್ಯೂಬಿಗೆ ಜೋಡಿಸಿದ ಬಾಟಲ್ ಎದೆಮಟ್ಟಕ್ಕಿಂತ ಕೆಳಗೇ ಇರಲಿ, ಟ್ಯೂಬಿಗೆ ಕ್ಲಾಂಪ್ ಹಾಕಬೇಡಿ.