ಸ್ಟೀಲ್ ವಾಚಿನ ಗೀರನ್ನು ಮನೆಯಲ್ಲೇ ತೆಗೆಯಬಹುದಾ?

ನನಗೆ ವಾಚುಗಳ ಹುಚ್ಚು ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಯಾರಾದರೂ ಕೈ ಚಾಚಿ ಕೇಳುತ್ತಾರೆ: "ನೋಡಿ, ಎಷ್ಟು ಗೀರು ಬಿದ್ದಿದೆ. ಮನೆಯಲ್ಲೇ ತೆಗೀಬಹುದಾ?"

ಕೆಲವನ್ನು ತೆಗೆಯಬಹುದು. ಚೈನು ಮತ್ತು ಅದರ ಬಕಲ್ ಮೇಲಿನ ಸಣ್ಣ ಗೀರುಗಳನ್ನು ಧೈರ್ಯವಾಗಿ ತೆಗೆಯಿರಿ. ಕನ್ನಡಿಯ ಹಾಗೆ ಹೊಳೆಯುವ ಭಾಗಕ್ಕೆ ಆದಷ್ಟು ಕೈ ಹಾಕಬೇಡಿ. ಆಳವಾಗಿ ಬಿದ್ದದ್ದನ್ನು ಹಾಗೇ ಬಿಡಿ.

ಯಾಕೆ ಅಂದರೆ, ಗೀರನ್ನು ತುಂಬುವ ಪೇಸ್ಟು ಯಾವುದೂ ಇಲ್ಲ. ಗೀರು ಅನ್ನುವುದು ಲೋಹದಲ್ಲಿ ಬಿದ್ದ ಕಾಲುವೆ. ಸುತ್ತಲಿನ ಸ್ಟೀಲನ್ನು ಆ ಕಾಲುವೆಯ ತಳದವರೆಗೂ ಸವೆಸಿದರೆ ಮಾತ್ರ ಅದು ಮಾಯವಾಗುತ್ತದೆ. ಅಂದರೆ ಪ್ರತಿ ಸಲವೂ ವಾಚು ಸ್ವಲ್ಪ ತೆಳುವಾಗುತ್ತದೆ. ಹುಣಸೆಹಣ್ಣು, ನಿಂಬೆ, ಅಡುಗೆ ಸೋಡಾ ಎಲ್ಲ ಕೊಳೆ, ಕಿಲುಬು ತೆಗೆಯುವುದಕ್ಕೆ ಸರಿ. ಗೀರಿಗೆ ಅವುಗಳಿಂದ ಏನೂ ಆಗುವುದಿಲ್ಲ. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಆಳವಾದದ್ದು, ಮನೆಯ ಕೆಲಸ ಅಲ್ಲ.

ಅದಕ್ಕೂ ಮೊದಲು ವಾಚು ನಿಜವಾಗಿ ಸ್ಟೀಲಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆ ಇದು ತುಂಬ ಮುಖ್ಯ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ವಾಚು ವಿಭಾಗ 2016ರಲ್ಲಿ ಮುಚ್ಚಿದರೂ ಜನತಾ, ಪೈಲಟ್, ಸೋನಾ ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಹಳೆಯ ಎಚ್‌ಎಂಟಿಗಳಲ್ಲಿ ಎಷ್ಟೋ ವಾಚುಗಳ ಕೇಸು, ಅಂದರೆ ಹೊರಗಿನ ಕವಚ, ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪ ಇದೆ ಅಷ್ಟೇ. ಹಿಂಬದಿಯಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದರೆ ಆ ಮುಚ್ಚಳ ಮಾತ್ರ ಸ್ಟೀಲು ಎಂದು ಅರ್ಥ. ಮುಂಭಾಗ ಬೇರೆ ಲೋಹ ಇರಬಹುದು. ಅದನ್ನು ಉಜ್ಜಿದರೆ ಲೇಪ ಕಿತ್ತು ಹಳದಿ ಹಿತ್ತಾಳೆ ಹೊರಗೆ ಬರುತ್ತದೆ. ಆಮೇಲೆ ಬೆವರು ತಾಗಿ ಹಸಿರು ಕಿಲುಬು ಕೂರುತ್ತದೆ. ಚಿನ್ನದ ಬಣ್ಣದ ವಾಚು, ಕಪ್ಪು ಕೋಟಿಂಗ್ ಇರುವ ವಾಚು, ಅರ್ಧ ಬೆಳ್ಳಿ ಅರ್ಧ ಚಿನ್ನದ ಬಣ್ಣದ ಚೈನು, ಇವಕ್ಕೂ ಇದೇ ಮಾತು. ಲೇಪ ಇದ್ದಲ್ಲಿ ಉಜ್ಜಬೇಡಿ. ಸಿಟಿಜನ್ ಡ್ಯುರಾಟೆಕ್ಟ್, ಸೀಕೋ ಡಯಾಶೀಲ್ಡ್ ಅಂತ ಮೇಲ್ಮೈಯನ್ನೇ ಗಟ್ಟಿ ಮಾಡಿರುವ ವಾಚುಗಳನ್ನೂ ಮುಟ್ಟಬೇಡಿ.

ಸರಿ, ವಾಚು ಪೂರ್ತಿ ಸ್ಟೀಲಿನದೇ ಅಂದುಕೊಳ್ಳೋಣ. ಈಗ ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಹೋಗಿರುವ ಮಂಕು ಭಾಗ ಒಂದಿರುತ್ತದೆ. ಅದೇ ಬ್ರಷ್ ಫಿನಿಶ್. ಅದರ ಪಕ್ಕದಲ್ಲೇ ಅಂಚುಗಳಲ್ಲಿ ಪಳಪಳ ಹೊಳೆಯುವ ಪಾಲಿಶ್ ಭಾಗ ಇರಬಹುದು. ಬ್ರಷ್ ಫಿನಿಶ್ ಕಾರ್ಖಾನೆಯಲ್ಲೂ ಉಜ್ಜಿಯೇ ಮಾಡಿದ್ದು. ಅದಕ್ಕೇ ಮನೆಯಲ್ಲೂ ಅದನ್ನು ಮತ್ತೆ ತರಬಹುದು.

ಬೇಕಾಗುವುದು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಮತ್ತು ಪೇಂಟ್ ಅಂಗಡಿಯ ಮಾಸ್ಕಿಂಗ್ ಟೇಪ್. ಸ್ಟೀಲ್ ನಾರು ಬೇಡ, ಅದರ ಚೂರುಗಳು ಸಂದಿಯಲ್ಲಿ ಉಳಿದು ತುಕ್ಕು ಹಿಡಿಯಬಹುದು. ಸಾಧ್ಯವಾದರೆ ಚೈನನ್ನು ಬಿಚ್ಚಿಕೊಳ್ಳಿ. ಹೊಳೆಯುವ ಅಂಚುಗಳಿಗೆ, ಗ್ಲಾಸಿಗೆ, ಕೆತ್ತಿದ ಅಕ್ಷರಗಳಿಗೆ ಟೇಪ್ ಅಂಟಿಸಿ. ಈ ಟೇಪಿನ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅಂಚು ಒಮ್ಮೆ ಮಂಕಾದರೆ ಮೊದಲಿನ ಹಾಗೆ ಮಾಡುವುದು ತುಂಬ ಕಷ್ಟ.

ಸ್ಕ್ರಬ್ಬರಿನ ಒಂದು ತುಂಡನ್ನು ಚಪ್ಪಟೆ ರಬ್ಬರಿಗೋ ಮರದ ತುಂಡಿಗೋ ಸುತ್ತಿ. ಬರೀ ಬೆರಳಿನಿಂದ ಒತ್ತಿದರೆ ಮೂಲೆಗಳು ದುಂಡಗಾಗುತ್ತವೆ. ಈಗ ಮೊದಲಿನ ಗೆರೆಗಳ ದಿಕ್ಕಿನಲ್ಲೇ, ಹಗುರವಾಗಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತ. ಕೈ ಎತ್ತಿ. ಮತ್ತೆ ಅದೇ ಕಡೆಯಿಂದ ಶುರು ಮಾಡಿ. ಹಿಂದಕ್ಕೂ ಮುಂದಕ್ಕೂ ತಿಕ್ಕಬಾರದು, ಗುಂಡಗೆ ತಿರುಗಿಸಲೇಬಾರದು. ನಾಲ್ಕೈದು ಸಲ ಎಳೆದು, ಒರೆಸಿ, ನೋಡಿ. ಮೊದಲು ಬಕಲ್ಲಿನ ಒಳಭಾಗದಲ್ಲಿ ಪ್ರಯೋಗ ಮಾಡಿ. ನಿಮ್ಮ ಸ್ಕ್ರಬ್ಬರ್ ಬಿಡುವ ಗೆರೆ ವಾಚಿನ ಗೆರೆಗಿಂತ ಒರಟಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಗ ಹಳೆಯದಾಗಿ ಸವೆದ ಸ್ಕ್ರಬ್ಬರ್ ಬಳಸಿ ನೋಡಿ. ಕೊನೆಗೆ ಚೈನನ್ನು ಸೋಪು ನೀರಿನಲ್ಲಿ ಮೆತ್ತನೆಯ ಹಳೇ ಬ್ರಷ್ಷಿನಿಂದ ತೊಳೆದು ಚೆನ್ನಾಗಿ ಒಣಗಿಸಿ.

ಕೆಲವು ವಾಚುಗಳಲ್ಲಿ ಡಯಲ್ಲಿನ ಸುತ್ತ ಗೆರೆಗಳು ವರ್ತುಲದಲ್ಲೋ ಸೂರ್ಯಕಿರಣದ ಹಾಗೋ ಹರಡಿರುತ್ತವೆ. ಅದು ಕೈಯಲ್ಲಿ ಆಗುವ ಕೆಲಸವಲ್ಲ.

ಹೊಳೆಯುವ ಭಾಗದ ಕೂದಲೆಳೆ ಗೀರುಗಳಿಗೆ ಮೆತ್ತನೆ ಬಟ್ಟೆಯ ಮೇಲೆ ಲೋಹಕ್ಕೆ ಹೊಳಪು ಕೊಡುವ ಬ್ರಾಸೋ ಒಂದು ತೊಟ್ಟು ಹಾಕಿ ಉಜ್ಜಿದರೆ ಸ್ವಲ್ಪ ಮಟ್ಟಿಗೆ ಮಸುಕಾಗುತ್ತವೆ. ಚರ್ಮದ ಬೆಲ್ಟ್ ಇದ್ದರೆ ಮೊದಲು ಬಿಚ್ಚಿಡಿ. ಇದಕ್ಕಿಂತ ಮುಂದೆ ಹೋಗಬೇಡಿ ಅಂತ ನನ್ನ ಸಲಹೆ. ಕನ್ನಡಿ ಫಿನಿಶ್ ಚೆನ್ನಾಗಿ ಕಾಣುವುದು ಅದು ಸಮತಟ್ಟಾಗಿದ್ದಾಗ. ಕೈಯಲ್ಲಿ ಉಜ್ಜುತ್ತಾ ಹೋದರೆ ಅಲ್ಲಲ್ಲಿ ತಗ್ಗಾಗಿ ಪ್ರತಿಬಿಂಬ ಅಲೆಅಲೆಯಾಗುತ್ತದೆ.

ಟೂತ್‌ಪೇಸ್ಟ್ ಬಗ್ಗೆಯೂ ಕೇಳುತ್ತಾರೆ. ಅದು ಸ್ಟೀಲಿಗಲ್ಲ, ಹಳೆಯ ವಾಚುಗಳ ಪ್ಲಾಸ್ಟಿಕ್ ಗ್ಲಾಸಿಗೆ. ಅಜ್ಜನ ಜನತಾ ವಾಚಿನ ಗ್ಲಾಸು ಮಬ್ಬಾಗಿದ್ದರೆ ಬಿಳಿ ಪೇಸ್ಟಿನಿಂದ ನಿಧಾನವಾಗಿ ಉಜ್ಜಿ ನೋಡಿ, ಡಯಲ್ ಮತ್ತೆ ತಿಳಿಯಾಗಿ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟದ ಕೆಲಸ. ಪ್ಲಾಸ್ಟಿಕ್‌ಗಿಂತ ಗಟ್ಟಿಯಾದ ಮಿನರಲ್ ಗ್ಲಾಸಿನ, ಸಫೈರ್ ಗ್ಲಾಸಿನ ಗೀರು ಇದರಿಂದ ಹೋಗುವುದಿಲ್ಲ.

ಗೀರು ಬೀಳುವ ಜಾಗಗಳನ್ನೂ ಗಮನಿಸಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಕ್ವಾರ್ಟ್ಜ್ ಇರುತ್ತದೆ, ಅದು ಸ್ಟೀಲಿಗಿಂತ ಗಟ್ಟಿ. ಲ್ಯಾಪ್‌ಟಾಪಿನ ಅಂಚು ಬಕಲ್ಲಿಗೆ ದಿನವೂ ತಾಗುತ್ತಿರುತ್ತದೆ. ಬಕಲ್ ಉಜ್ಜಿದ ವಾರಕ್ಕೇ ಮತ್ತೆ ಗೀರು ಬಿತ್ತು ಅಂತ ಬೇಜಾರಾಗಬೇಡಿ, ವರ್ಷಕ್ಕೊಮ್ಮೆ ಉಜ್ಜಿದರೆ ಸಾಕು. ಕೇಸನ್ನು ಅಷ್ಟೂ ಮುಟ್ಟಬೇಡಿ. ಹಳೆಯ ವಾಚು ಸಂಗ್ರಹಿಸುವವರು ಪಾಲಿಶ್ ಮಾಡದ, ಅಂಚು ಚೂಪಾಗಿ ಉಳಿದ ಕೇಸಿಗೇ ಜಾಸ್ತಿ ಬೆಲೆ ಕೊಡುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ಆಳವಾದ ಗೀರು ತೆಗೆಸಲೇಬೇಕು ಅಂತ ಅಂಗಡಿಗೆ ಕೊಡುತ್ತೀರಾದರೆ ಒಂದು ಮಾತು ಮೊದಲೇ ಹೇಳಿ: "ಬ್ರಷ್ ಇರುವ ಕಡೆ ಬ್ರಷ್ಷೇ ಇರಲಿ, ಎಲ್ಲ ಕಡೆ ಹೊಳಪು ಕೊಡಬೇಡಿ." ಕೇಳದಿದ್ದರೆ ಇಡೀ ವಾಚನ್ನು ಬಫಿಂಗ್ ಚಕ್ರಕ್ಕೆ ಹಿಡಿದುಬಿಡುವವರಿದ್ದಾರೆ. ಅವರು ಮೊದಲು ಮಾಡಿದ ಒಂದು ವಾಚನ್ನು ತೋರಿಸಲು ಕೇಳಿ, ಅದರ ಅಂಚುಗಳನ್ನು ನೋಡಿ, ಆಮೇಲೆ ನಿಮ್ಮದನ್ನು ಕೊಡಿ.