ಹೂವಿನ ನೀರಿನ ಹಿಂದಿನ ದಿನ

ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಪೈಪು ಜೋಡಿಸುವ ಗಡಿಬಿಡಿ. ಕಳೆದ ಬೇಸಿಗೆಯಿಂದ ಶೆಡ್ಡಿನ ಮೂಲೆಯಲ್ಲಿದ್ದ ಸಣ್ಣ ಪೆಟ್ರೋಲ್ ಪಂಪನ್ನು ಆಚೆ ತೆಗೆದು ಹಗ್ಗ ಎಳೆದರೆ ಉಸಿರೇ ಇಲ್ಲ. ಬೆಳಗಾದರೆ ಕಾಫಿ ಹೂ ಅರಳಲೆಂದು ನೀರು ಬಿಡಬೇಕು, ಪೇಟೆಯ ಮೆಕ್ಯಾನಿಕ್ ಈ ವಾರ ಸಿಗುವ ಹಾಗಿಲ್ಲ. ಬಿಚ್ಚುವ ಕೆಲಸ ಮನೆಯಲ್ಲೇ ಆಗಬೇಕು.

ಪಾನಾ ಹಿಡಿಯುವ ಮುಂಚೆ ಜಾಗ ನೋಡಬೇಕು. ಬಚ್ಚಲ ಹಂಡೆಯ ಒಲೆಯಲ್ಲಿ ಕೆಂಡ ಆರಿರುವುದಿಲ್ಲ, ಶೆಡ್ಡು ಅದರ ಗೋಡೆಗೇ ಅಂಟಿಕೊಂಡಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೆಲಕ್ಕಂಟಿ ಹರಿದು ಒಲೆ ಮುಟ್ಟಿ, ಹೊತ್ತಿಕೊಂಡು, ಬಂದ ದಾರಿಯಲ್ಲೇ ವಾಪಸ್ ಓಡಿಬರುತ್ತದೆ. ಮುಂಜಾನೆಯ ಚಳಿಯನ್ನು ನಂಬಬೇಡಿ. ಮೈನಸ್ 40 ಡಿಗ್ರಿಯ ಹತ್ತಿರವೂ ಪೆಟ್ರೋಲ್ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ಎಂಜಿನ್ನನ್ನು ಕಣಕ್ಕೆ ಒಯ್ಯಿರಿ. ಸುತ್ತ ಎರಡು ಮೂರು ಮೀಟರ್ ದರಗು ಗುಡಿಸಿ.

ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಸ್ಟೀಲ್ ಪಾತ್ರೆಗೆ ಇಳಿಸಿ. ವಾರ್ನಿಷ್ ವಾಸನೆ ಬಂದರೆ ಹಳೆ ಪೆಟ್ರೋಲ್ ಅಂಟಾಗಿದೆ ಎಂದರ್ಥ: ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿಕೊಂಡಿರುತ್ತದೆ, ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಪಿನ್ ಹಿಡಿದುಕೊಂಡು ಪೆಟ್ರೋಲ್ ಹೊರಗೆ ಉಕ್ಕುತ್ತದೆ. ಜೆಟ್ಟಿಗೆ ವಯರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ. ಭಾಗಗಳನ್ನು ತೊಳೆಯಲು ಡೀಸೆಲ್ ಬಳಸಿ. ಪೆಟ್ರೋಲಿನಲ್ಲಿ ಬೇಗ ಶುಭ್ರವಾಗುತ್ತದೆ, ನಿಜ. ಆದರೆ ತೆರೆದ ಬೇಸಿನ್ ತುಂಬಾ ಪೆಟ್ರೋಲ್ ಇಟ್ಟುಕೊಂಡು ಕೂರುವುದನ್ನು ನಾನಂತೂ ಯಾರಿಗೂ ಹೇಳಲಾರೆ.

ಅತಿ ಹೆಚ್ಚು ಅಪಾಯ ಸ್ಪಾರ್ಕ್ ನೋಡುವಾಗ. ಹತ್ತು ಸಲ ಹಗ್ಗ ಎಳೆದ ಮೇಲೆ ಸಿಲಿಂಡರ್ ಪೆಟ್ರೋಲಿನಿಂದ ಒದ್ದೆಯಾಗಿರುತ್ತದೆ. ಅದೇ ಪ್ಲಗ್ ಬಿಚ್ಚಿ, ವಯರಿನ ತುದಿಯ ಕ್ಯಾಪ್ ಸಿಕ್ಕಿಸಿ, ಹೆಡ್ಡಿಗೆ ತಾಗಿಸಿ ಮತ್ತೆ ಎಳೆಯುತ್ತೇವೆ. ಪಿಸ್ಟನ್ ಮೇಲೆ ಬಂದೊಡನೆ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಮಂಜಿನ ಹಾಗೆ ಚಿಮ್ಮುತ್ತದೆ, ಎರಡು ಬೆರಳು ದೂರದಲ್ಲಿ ಕಿಡಿ ಕಾದಿರುತ್ತದೆ. ಭುಗ್ಗೆಂದರೆ ಮೊದಲು ಸಿಗುವುದು ಬಗ್ಗಿ ನೋಡುತ್ತಿರುವವರ ಹುಬ್ಬು, ರೆಪ್ಪೆ. ಸರಿಯಾದ ಕ್ರಮವೆಂದರೆ, ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಪನ್ನು ದೂರ ಸರಿಸಿ ನಾಲ್ಕೈದು ಸಲ ಹಗ್ಗ ಎಳೆದು ಸಿಲಿಂಡರ್ ಖಾಲಿ ಮಾಡಿ. ಹತ್ತು ನಿಮಿಷ ಬಿಡಿ. ಬಳಿಕ ಹಳೆ ಪ್ಲಗ್ಗನ್ನೇ ತೂತಿಗೆ ತಿರುಗಿಸಿ ಮುಚ್ಚಿ, ಇನ್ನೊಂದು ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಇಟ್ಟು, ಸ್ವಿಚ್ ಆನ್ ಮಾಡಿ ಹಗ್ಗ ಎಳೆದು ಕಿಡಿ ನೋಡಿ.

ಏರ್ ಫಿಲ್ಟರ್ ಇಲ್ಲದೆ ಸ್ಟಾರ್ಟ್ ಮಾಡಬೇಡಿ. ಬ್ಯಾಕ್‌ಫೈರ್ ಆದರೆ ಜ್ವಾಲೆ ಕಾರ್ಬೊರೇಟರ್ ಬಾಯಿಂದಲೇ ಬರುತ್ತದೆ. ಓಡಿದ ಎಂಜಿನ್ನಿಗೆ ಪೆಟ್ರೋಲ್ ತುಂಬುವ ಮುಂಚೆ ಸೈಲೆನ್ಸರ್ ತಣ್ಣಗಾಗಲಿ, ಕಾಲು ಗಂಟೆಯಾದರೂ ಬೇಕು.

ಒಂದು ಬಕೆಟ್ ಒಣ ಮರಳು, ನೀರಿನಲ್ಲಿ ಅದ್ದಿ ಹಿಂಡಿದ ಗೋಣಿಚೀಲ ಕೈಗೆ ಸಿಗುವಂತಿರಲಿ. ಬೇಸಿನ್ನಿಗೆ ಬೆಂಕಿ ಬಿದ್ದರೆ ಎತ್ತಿಕೊಂಡು ಆಚೆ ಓಡುವುದೇ ಎಲ್ಲರಿಗೂ ಮೊದಲು ಹೊಳೆಯುವುದು. ಎರಡನೇ ಹೆಜ್ಜೆಗೇ ಅದು ಕಾಲ ಮೇಲೆ ತುಳುಕುತ್ತದೆ. ಇದ್ದಲ್ಲೇ ಗೋಣಿ ಮುಚ್ಚಿ. ನೀರು ಎರಚಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ. ಗೋಣಿಗೆ ಬಗ್ಗದಿದ್ದರೆ ಎಲ್ಲ ಬಿಟ್ಟು ದೂರ ಹೋಗಿ 112ಕ್ಕೆ ಕರೆ ಮಾಡಿ. ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ಕಾಫಿಪುಡಿ ಏನೂ ಬೇಡ. ಗುಳ್ಳೆ ಎದ್ದರೆ ಡಾಕ್ಟರರಿಗೆ ತೋರಿಸಿ.

ಇಳಿಸಿದ ಹಳೆ ಪೆಟ್ರೋಲನ್ನು ಬಚ್ಚಲ ಮೋರಿಗೆ ಚೆಲ್ಲಬೇಡಿ, ಆ ಒಲೆ ಇನ್ನೂ ಉರಿಯುತ್ತಿರುತ್ತದೆ. ಮುಚ್ಚಳ ಬಿಗಿಯುವ ಕ್ಯಾನಿಗೆ ಸುರಿದಿಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡದೆ ಬೇಲಿಯ ತಂತಿಗೆ ಒಂದೊಂದಾಗಿ ಹರಡಿ.