ಚೈನ್ ಟೆನ್ಷನರ್ ಹಾಕಿಸಲಾ, ಬೇಡವಾ?

"ಸಾರ್, ಚೈನ್ ಪದೇಪದೇ ಕಳಚ್ಕೊಳ್ತಿದೆ. ಟೆನ್ಷನರ್ ಹಾಕಿಸಿದ್ರೆ ಸರಿಹೋಗುತ್ತಾ?"

ನಾನು ಗೇರಿಲ್ಲದ ಸೈಕಲ್ ಹೊಡೆಯುವವನು ಅಂತ ಗೊತ್ತಾದಾಗಿನಿಂದ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಹಿಂದಿನ ಚಕ್ರದ ಆಕ್ಸಲ್ ಕೂರುವ ಕಚ್ಚಿನ ಫೋಟೋ ಕಳಿಸಿ. ಆಮೇಲೆ ಕೇಳುತ್ತೇನೆ, ನಿಮ್ಮದು ಫ್ರೀವೀಲಾ (ತುಳಿಯುವುದು ನಿಲ್ಲಿಸಿದರೂ ಚಕ್ರ ಓಡುವಂಥದ್ದು), ಫಿಕ್ಸಿಯಾ (ಚಕ್ರದ ಜೊತೆ ಪೆಡಲೂ ತಿರುಗುವಂಥದ್ದು)? ಈ ಎರಡು ಗೊತ್ತಾಗದೆ ಉತ್ತರ ಕೊಡಲು ಬರುವುದಿಲ್ಲ. ಏಕೆಂದರೆ ಟೆನ್ಷನರ್ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯವರು ಎರಡು ಬೇರೆಬೇರೆ ವಸ್ತು ಮಾರುತ್ತಾರೆ.

ಒಂದು ನಮ್ಮಪ್ಪನ ಕಾಲದ ಕಪ್ಪು ಸೈಕಲ್ಲಿನಲ್ಲೂ ಇದ್ದದ್ದು. ಆಕ್ಸಲ್ಲಿಗೆ ತೂರಿಸುವ ಒಂದು ಕಬ್ಬಿಣದ ಬಳೆ, ಅದರ ಬಾಲಕ್ಕೊಂದು ಸ್ಕ್ರೂ, ತುದಿಗೊಂದು ನಟ್ಟು. ನಟ್ಟು ತಿರುಗಿಸಿದರೆ ಚಕ್ರ ಹಿಂದಕ್ಕೆ ಸರಿಯುತ್ತದೆ. ಸೈಕಲ್ ಶಾಪಿನಲ್ಲಿ ಚೈನ್ ಅಡ್ಜಸ್ಟರ್ ಅಂತ ಕೇಳಿ, ಪುಡಿಗಾಸಿಗೆ ಕೊಡುತ್ತಾರೆ. ಸ್ಪ್ಲೆಂಡರ್ ಬೈಕಿನ ಹಿಂದಿನ ಚಕ್ರದ ಎರಡೂ ಪಕ್ಕ ಇರುವುದು ಇದರ ದೊಡ್ಡಣ್ಣ. ಇನ್ನೊಂದು ಸ್ಪ್ರಿಂಗ್ ಇರುವ ತೋಳು. ತುದಿಯಲ್ಲಿ ಪುಟ್ಟ ಹಲ್ಲುಗಾಲಿ. ಗೇರ್ ಸೈಕಲ್ಲಿನಲ್ಲಿ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೈಲರ್ ಕೂರುವ ಕಿವಿಗೆ ಬೋಲ್ಟು ಹಾಕಿ ಕೂರಿಸುತ್ತಾರೆ. ಅದು ಚಕ್ರವನ್ನು ಮುಟ್ಟುವುದಿಲ್ಲ, ಚೈನಿನ ಕೆಳಗಿನ ಎಳೆಯನ್ನು ಒತ್ತಿ ಸಡಿಲ ನುಂಗುತ್ತದೆ.

ಕಚ್ಚು ಅಡ್ಡಡ್ಡ ಇದ್ದರೆ, ಅಂದರೆ ಆಕ್ಸಲ್ ಹಿಂದೆಮುಂದೆ ಸರಿಯುವಂತಿದ್ದರೆ, ತೋಳಿನ ಗೊಡವೆಯೇ ಬೇಡ. ಚಕ್ರ ಸರಿಸಿದರೆ ಮುಗಿಯಿತು. ಕಚ್ಚು ನೇರ ಮೇಲಕ್ಕೆ ಇದ್ದು ಫ್ರೀವೀಲ್ ಇದ್ದರೆ, ಸ್ಪ್ರಿಂಗ್ ತೋಳು ಹಾಕಿಸಿ. ದುಡ್ಡು ಉಳಿಸಬೇಕೆಂದರೆ ಗುಜರಿಯ ಹಳೇ ಡಿರೈಲರನ್ನೇ ಹಾಕಬಹುದು. ಅದರ ಎರಡು ಸಣ್ಣ ಸ್ಕ್ರೂ ತಿರುಗಿಸಿ ಹಲ್ಲುಗಾಲಿ ಚೈನಿನ ಸಾಲಿಗೆ ಬಂದು ನಿಲ್ಲುವಂತೆ ಮಾಡಿ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಮೋಸವಿಲ್ಲ.

ಕಚ್ಚು ನೇರ, ಸೈಕಲ್ ಫಿಕ್ಸಿ. ಎಡವಟ್ಟಾಗುವುದು ಇಲ್ಲೇ.

ಫಿಕ್ಸಿಯಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ತಗ್ಗಿಸಲು ಪೆಡಲನ್ನು ಕಾಲಲ್ಲಿ ತಡೆಯಬೇಕು. ಮುಂದಕ್ಕೆ ತುಳಿಯುವಾಗ ಬಿಗಿಯಾಗುವುದು ಚೈನಿನ ಮೇಲಿನ ಎಳೆ, ಕೆಳಗಿನದು ಸುಮ್ಮನೆ ಹಿಂಬಾಲಿಸುತ್ತದೆ. ತಡೆದಾಗ ಎಲ್ಲ ತಿರುವುಮುರುವು. ಇಡೀ ಭಾರ ಕೆಳಗಿನ ಎಳೆಯ ಮೇಲೆ, ಅಂದರೆ ಆ ಬಡಪಾಯಿ ಸ್ಪ್ರಿಂಗಿನ ಮೇಲೆ.

ಇದು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಹಳೇ ಗೇರ್ ಸೈಕಲ್ಲಿನ ಫ್ರೇಮಿಗೆ ಫಿಕ್ಸಿ ಚಕ್ರ ಕೂರಿಸಿ, ತೋಳೊಂದನ್ನು ಹಾಕಿಕೊಂಡು ಒಂದು ವಾರ ಮೈಸೂರೆಲ್ಲ ಮೆರೆದೆ. ಸಮತಟ್ಟಿನಲ್ಲಿ ಏನೂ ತೊಂದರೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ತಪ್ಪಲಿನ ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂತು, ಕಾಲು ಬಿಗಿಹಿಡಿದೆ. ಟಣ್ ಅಂತ ಸದ್ದು. ತೋಳು ನೆಟ್ಟಗಾಯಿತು, ಮೇಲಿನ ಎಳೆ ಜೋಲುಬಿತ್ತು, ಚೈನು ಹಲ್ಲು ಬಿಟ್ಟು ಚಕ್ರದ ನಡುವಿನ ಹಬ್ಬಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡು ಹಿಂದಿನ ಚಕ್ರ ಕಲ್ಲಿನಂತೆ ನಿಂತಿತು. ಮುಂದಿನ ಬ್ರೇಕ್ ಇದ್ದದ್ದಕ್ಕೆ ಮೊಣಕೈ ಮಾತ್ರ ತರಚಿತು. ಡಿರೈಲರಿನ ಕಿವಿ ಮಾತ್ರ ಬಾಳೆಎಲೆಯ ತುದಿಯಂತೆ ಮಡಚಿಹೋಗಿತ್ತು. ನಾಯಿ ನಿಂತು ನೋಡಿಕೊಂಡು ಹೋಯಿತು.

ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಕೋಸ್ಟರ್ ಬ್ರೇಕಿನ ಸೈಕಲ್ಲಿಗೂ ಇದೇ ಕಾರಣಕ್ಕೆ ಸ್ಪ್ರಿಂಗ್ ತೋಳು ಕೂಡದು. ಮಕ್ಕಳ ಸೈಕಲ್ಲಿನಲ್ಲಿ ಅದು ಇರುವುದುಂಟು, ಗಮನಿಸಿ.

ಹಾಗಾದರೆ ನೇರ ಕಚ್ಚಿನ ಫ್ರೇಮಿನಲ್ಲಿ ಫಿಕ್ಸಿ ಆಗುವುದೇ ಇಲ್ಲವೇ? ಆಗುತ್ತದೆ, ಲೆಕ್ಕ ಹೊಂದಬೇಕು. ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಪೆಡಲ್ ಪಕ್ಕದ ದೊಡ್ಡ ಹಲ್ಲುಗಾಲಿ, ಅಂದರೆ ಚೈನ್‌ವೀಲ್ ಆಗಲಿ, ಹಿಂದಿನದಾಗಲಿ, ಒಂದು ಹಲ್ಲು ಹೆಚ್ಚುಕಡಿಮೆ ಮಾಡಿದರೆ ಆಕ್ಸಲ್ ಇರಬೇಕಾದ ಜಾಗ ಸುಮಾರು 3 ಮಿಲಿಮೀಟರ್ ಬದಲಾಗುತ್ತದೆ. ಒಂದೇ ಪಿನ್ನಿನಷ್ಟು ಉದ್ದದ ಕೊಂಡಿ, ಅಂದರೆ ಹಾಫ್ ಲಿಂಕ್, ಸೇರಿಸಿದರೆ ಅದರ ಎರಡರಷ್ಟು. ಹೀಗೆ ಹಲ್ಲು ಬದಲಿಸುತ್ತ ಹೋದರೆ ಯಾವುದೋ ಒಂದು ಜೋಡಿ ಸರಿಯಾಗಿ ಕೂತುಬಿಡಬಹುದು. ಆದರೆ ಚೈನು ಸವೆದಂತೆ ಆ ಹೊಂದಾಣಿಕೆ ಕೆಡುತ್ತದೆ. ಆಕ್ಸಲ್ ಮಧ್ಯ ಬಿಟ್ಟು ಕೂರುವ ಎಕ್ಸೆಂಟ್ರಿಕ್ ಹಬ್ ಇದಕ್ಕೆ ಗಟ್ಟಿ ಉಪಾಯ, ಬೆಲೆ ಮಾತ್ರ ಕೈಸುಡುತ್ತದೆ. ನನ್ನನ್ನು ಕೇಳಿದರೆ ಅಡ್ಡ ಕಚ್ಚಿನ ಹಳೇ ಫ್ರೇಮ್ ಹುಡುಕುವುದೇ ವಾಸಿ.

ಇನ್ನು ಅಡ್ಜಸ್ಟರ್ ಹಾಕುವ ಕೆಲಸ. ಕಚ್ಚಿನ ಬಾಯಿ ಹಿಂದಕ್ಕೆ ತೆರೆದಿದ್ದರೆ ಹತ್ತು ನಿಮಿಷದ್ದು. ಆಕ್ಸಲ್ ನಟ್ಟುಗಳನ್ನು ಸಡಿಲಿಸಿ, ಬಳೆ ತೂರಿಸುವ ಬಲಗಡೆಯ ನಟ್ಟನ್ನು ಮಾತ್ರ ಪೂರ್ತಿ ಬಿಚ್ಚಿ. ಬಹುಪಾಲು ಫಿಕ್ಸಿಗಳಿಗೆ ಹದಿನೈದರ ಸ್ಪ್ಯಾನರ್ ಸಾಕು. ಅಡ್ಜಸ್ಟರಿನ ಬಳೆ ಫ್ರೇಮಿನ ಹೊರಗೆ, ನಟ್ಟಿನ ಒಳಗೆ ಬರಬೇಕು. ಅದರ ತಗಡು ಕಚ್ಚಿನ ಹಿಂತುದಿಗೆ ಒರಗಬೇಕು. ಈಗ ಸಣ್ಣ ನಟ್ಟನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಬನ್ನಿ. ಇಡೀ ಸುತ್ತಿಗೆ ಚಕ್ರ ಸರಿಯುವುದೇ ಹೆಚ್ಚುಕಡಿಮೆ ಒಂದು ಮಿಲಿಮೀಟರ್, ಅವಸರಕ್ಕೆ ಜಾಗವಿಲ್ಲ.

ಎಷ್ಟು ಬಿಗಿ? ಎರಡೂ ಹಲ್ಲುಗಾಲಿಗಳ ನಟ್ಟನಡುವೆ ಚೈನನ್ನು ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಆಡಬೇಕು. ಹೊಸಬರಿಗೆ ಇದು ಸಡಿಲ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಚೆನ್ನಾಗಿ ಬಿಗಿದುಕೊಂಡು ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರ ಮುಂದೆ ನಿಲ್ಲಿಸಿದೆ. ಅವರು ಒಂದು ಬೆರಳು ಇಟ್ಟು, "ಏನ್ ಸಾಮಿ, ವೀಣೆ ತಂತಿ ಮಾಡ್ಬುಟ್ಟಿದ್ದೀರಲ್ಲ, ಮೀಟೋಕಾ ತುಳಿಯೋಕಾ?" ಅಂದರು. ಚೈನು ಬಿಗಿದಷ್ಟೂ ಹಬ್ಬಿನ ಬಾಲ್ಸು, ಪೆಡಲಿನ ಅಚ್ಚು ಕೂರುವ ಬಿಬಿಯ ಬಾಲ್ಸು ಎರಡೂ ತೇಯುತ್ತವೆ. ತುಳಿದಾಗ ಕರ್ ಕರ್ ಅಂದರೆ ಬಿಗಿ ಹೆಚ್ಚಾಗಿರಬಹುದು.

ಒಂದೇ ಜಾಗದಲ್ಲಿ ಒತ್ತಿ ನೋಡಿದರೆ ಸಾಲದು. ಹಿಂದಿನ ಚಕ್ರ ಎತ್ತಿ ಕ್ರ್ಯಾಂಕನ್ನು, ಅಂದರೆ ಪೆಡಲ್ ಹಿಡಿದಿರುವ ಕೋಲನ್ನು, ನಿಧಾನ ತಿರುಗಿಸುತ್ತ ಒತ್ತುತ್ತಾ ಬನ್ನಿ. ಒಂದು ಕಡೆ ಜೋಲು, ಅರ್ಧ ಸುತ್ತು ಆದ ಮೇಲೆ ಬಿಗಿ ಸಿಗುತ್ತದೆ. ಚೈನ್‌ವೀಲ್ ಪೂರಾ ದುಂಡಗೆ ಕೂತಿರುವುದಿಲ್ಲ, ಅದಕ್ಕೆ. ಅತಿ ಬಿಗಿಯಾದ ಜಾಗದಲ್ಲಿ ಆ ಅರ್ಧ ಇಂಚು ಇರುವಂತೆ ನೋಡಿಕೊಳ್ಳಬೇಕು. ಚೈನ್‌ವೀಲಿಗೆ ಬಿಚ್ಚುವ ಐದು ಬೋಲ್ಟುಗಳಿದ್ದರೆ, ಅವನ್ನು ಕೊಂಚ ಸಡಿಲಿಸಿ, ಬಿಗಿ ಜಾಗದಲ್ಲಿ ಚೈನಿನ ನಡುವಿಗೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ವೀಲು ತುಸು ಸರಿದು ನಡುವಿಗೆ ಬರುತ್ತದೆ. ಮತ್ತೆ ಬಿಗಿಸಿ, ಮತ್ತೆ ತಿರುಗಿಸಿ. ತಾಳ್ಮೆ ಬೇಡುವ ಕೆಲಸ, ಆದರೆ ಇಡೀ ರಿಪೇರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಕ್ರ್ಯಾಂಕನ್ನು ಅಚ್ಚಿಗೆ ಕಾಟರ್ ಪಿನ್ ಬಡಿದು ಕೂರಿಸಿರುವ ಹಳೇ ಸೈಕಲ್ಲುಗಳಲ್ಲಿ ವೀಲು ಕ್ರ್ಯಾಂಕಿಗೇ ಅಂಟಿಕೊಂಡಿರುವುದರಿಂದ ಈ ಆಟ ನಡೆಯದು.

ಅಡ್ಜಸ್ಟರ್ ಒಂದು ಸಾಕಾ ಎರಡು ಬೇಕಾ? ಒಂದೇ ಸಾಕು, ಬಲಕ್ಕೆ. ತುಳಿದಾಗ ಚೈನು ಆಕ್ಸಲಿನ ಬಲತುದಿಯನ್ನು ಮುಂದಕ್ಕೆ ಎಳೆಯುತ್ತದೆ. ಟೈರು ಎಡಗಡೆಯ ಚೈನ್‌ಸ್ಟೇಗೆ (ಪೆಡಲಿನ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಫ್ರೇಮಿನ ಕೊಳವೆಗೆ) ಉಜ್ಜುತ್ತಿದೆ ಅಂತ ಬರುವ ದೂರುಗಳಿಗೆ ಬಹಳ ಸಲ ಕಾರಣ ಇದೇ. ಎಡಭಾಗವನ್ನು ಕೈಯಲ್ಲೇ ನೇರ ಮಾಡಿ, ಟೈರಿನ ಎರಡೂ ಪಕ್ಕ ಒಂದೇ ಅಂತರವಿದೆಯಾ ನೋಡಿ ನಟ್ಟುಗಳನ್ನು ಸರದಿಯಲ್ಲಿ ಬಿಗಿಸಿ. ಚಕ್ರವನ್ನು ಹಿಡಿದಿಡುವುದು ಈ ದೊಡ್ಡ ನಟ್ಟುಗಳೇ ಹೊರತು ಅಡ್ಜಸ್ಟರ್ ಅಲ್ಲ. ಅಡ್ಜಸ್ಟರ್ ಇದೆಯಲ್ಲ ಅಂತ ನಟ್ಟನ್ನು ಅರೆಬರೆ ಬಿಗಿಸಿದವರನ್ನು ಕಂಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಮತ್ತೆ ಸಡಿಲವಾಗುತ್ತಿದ್ದರೆ ಚೈನಿನ ಆಯಸ್ಸು ಅಳೆಯಿರಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಎಣಿಸಿದರೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲುಗಳನ್ನೂ ತಿಂದಿರುತ್ತದೆ. ಅಂಥ ಚೈನಿಗೆ ಟೆನ್ಷನರ್ ಹಾಕುವುದು ಹರಿದ ಚೀಲಕ್ಕೆ ದಾರ ಬಿಗಿದಂತೆ.

ಮೊನ್ನೆ ದಾವಣಗೆರೆಯ ಹುಡುಗನೊಬ್ಬ ಫೋಟೋ ಕಳಿಸಿದ್ದ. ಕಚ್ಚು ನೇರ, ಫಿಕ್ಸಿ, ಮೇಲೆ ಫಳಫಳ ಹೊಳೆಯುವ ಸ್ಪ್ರಿಂಗ್ ತೋಳು. "ಹೆಂಗೈತಿ ಸರ್?" ಅಂತ ಕೇಳಿದ್ದ. ಇವತ್ತೇ ಬಿಚ್ಚು, ಬ್ರೇಕ್ ಹಾಕಿಸು ಅಂತ ಬರೆದೆ. ಆ ತೋಳನ್ನು ಎಸೆಯಬೇಡ, ಹಿಂದಿನ ಹಲ್ಲುಗಾಲಿ ತೆಗೆದು ಫ್ರೀವೀಲ್ ಹಾಕಿಸಿದರೆ ಅದೇ ಸೈಕಲ್ಲಿಗೆ ಅದೇ ತೋಳು ಸರಿಹೋಗುತ್ತದೆ.